ಮುಳ್ಳೆಲೆ, ಮೂರು ಹಣ್ಣು, ಒಂದೇ ದಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಿಮ್ಮ ಕೈಯಲ್ಲಿ ಒಂದು ಚಿತ್ರ ಬರೆಸಬೇಕು ಅಂತ ಬಂದಿದ್ದೇನೆ. ಕಾಗದ ಬೇಡ, ಪೆನ್ಸಿಲ್ ಬೇಡ. ನಿಮ್ಮ ಎಡಗೈಯ ಅಂಗೈ ಸಾಕು. ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರೊಳಗೆ ಕೈಯಲ್ಲಿರುವ ಕೆಲಸ ಮುಗಿಸಿಕೊಳ್ಳಿ.

ವಿಷಯ ಇಷ್ಟೇ. ಹೊಲಿಗೆ ಮಿಷಿನ್ ಮೇಲೆ ಕೌದಿಗೆ ಎಲೆ ಮತ್ತು ಹಣ್ಣಿನ ಚಿತ್ತಾರ ಹಾಕುವುದು. ಎಲೆ ಅಂದರೆ ಯಾವ ಎಲೆ? ಕ್ರಿಸ್‌ಮಸ್ ಕಾರ್ಡುಗಳ ಮೇಲೆ ನೋಡಿರುತ್ತೀರಿ. ಅಂಚಿನಲ್ಲಿ ಮುಳ್ಳು ಮುಳ್ಳಾದ ಕಡುಹಸಿರು ಎಲೆ, ಬುಡದಲ್ಲಿ ಗೊಂಚಲು ಕೆಂಪು ಹಣ್ಣು. ಅದರ ಹೆಸರು ಹಾಲಿ. ಹಾಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು ಅನ್ನುತ್ತೇವಲ್ಲ, ಆ ಹಾಲಿ ಅಲ್ಲ. ಇದು ಒಂದು ಮರ. ಚಳಿಗಾಲದಲ್ಲಿ ಸುತ್ತಲಿನ ಮರಗಳೆಲ್ಲ ಬೋಳಾದಾಗಲೂ ಇದು ಹಸಿರಾಗಿಯೇ ಇರುತ್ತದೆ. ಹಬ್ಬಕ್ಕೆ ಇದನ್ನೇ ಹುಡುಕಿಕೊಂಡು ಹೋಗಲು ಅದೇ ಕಾರಣ. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ. ಹಕ್ಕಿಗಳು ಆ ಹಣ್ಣನ್ನು ತಿನ್ನುತ್ತವೆ, ಮನುಷ್ಯರಿಗೆ ಅದು ವಿಷ. ಇನ್ನೊಂದು ತಮಾಷೆ ಇದೆ. ದನ, ಜಿಂಕೆ ಬಾಯಿ ಹಾಕುವ ಎತ್ತರದ ಕೊಂಬೆಗಳಲ್ಲಿ ಎಲೆಗೆ ಮುಳ್ಳು ಜಾಸ್ತಿ. ಮರದ ತುದಿಯಲ್ಲಿ ಎಷ್ಟೋ ಎಲೆಗಳ ಅಂಚು ನುಣ್ಣಗೇ ಇರುತ್ತದೆ.

ನಮಗೆ ಬೇಕಾದದ್ದು ಕೆಳಗಿನ ಕೊಂಬೆಯ ಎಲೆ. ಮುಳ್ಳಿಲ್ಲದಿದ್ದರೆ ಇದು ಹಾಲಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಹೊಲಿದಾಗ ಆಗಿದ್ದೂ ಇದೇ. ನೋಡಿದವರು "ಮೋಡ ಚೆನ್ನಾಗಿ ಬಂದಿದೆ" ಅಂದರು. ಎಲೆ ಹೇಗೆ ಮೋಡ ಆಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಮಿಷಿನ್ ಕಡೆ ಬರೋಣ. ಕೌದಿಯಲ್ಲಿ ಮೂರು ಪದರ. ಮೇಲೆ ಅಂದದ ಬಟ್ಟೆ, ನಡುವೆ ಹತ್ತಿಯ ಮೆತ್ತೆ, ಕೆಳಗೆ ಅಡಿಬಟ್ಟೆ. ಈ ಮೂರನ್ನೂ ಕೂಡಿಸುವ ಹೊಲಿಗೆಯೇ ಚಿತ್ತಾರವೂ ಆಗಬೇಕು. ಮಾಮೂಲಿ ಹೊಲಿಗೆಯಲ್ಲಿ ಬಟ್ಟೆಯನ್ನು ಮುಂದಕ್ಕೆ ಎಳೆಯುವುದು ಸೂಜಿಯ ಕೆಳಗಿರುವ ಗರಗಸದಂಥ ಹಲ್ಲುಗಳು. ಫೀಡ್ ಡಾಗ್ ಅಂತಾರೆ. ಅವು ನೇರ ದಾರಿ ಮಾತ್ರ ಬಲ್ಲವು. ಎಲೆ ಬರೆಯಬೇಕಾದರೆ ಬಟ್ಟೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಎಲ್ಲ ಕಡೆಗೂ ಓಡಬೇಕು. ಹಾಗಾಗಿ ಆ ಹಲ್ಲುಗಳನ್ನು ಕೆಳಗಿಳಿಸುತ್ತೇವೆ. ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷಿನ್ನಿನ ಮಾಮೂಲಿ ಪಾದ ತೆಗೆದು, ರಫು ಮಾಡಲು ಬಳಸುವ ಕುಪ್ಪಳಿಸುವ ಪಾದ ಹಾಕುತ್ತೇವೆ. ಇಷ್ಟಾದ ಮೇಲೆ ಬಟ್ಟೆ ಪೂರ್ತಿ ನಿಮ್ಮ ಕೈಯಲ್ಲಿ.

ಇಲ್ಲೊಂದು ವಿಚಿತ್ರ ಇದೆ. ಚಿತ್ರ ಬರೆಯುವಾಗ ಕಾಗದ ಸುಮ್ನೆ ಇರುತ್ತದೆ, ಪೆನ್ನು ಓಡುತ್ತದೆ. ಇಲ್ಲಿ ಪೆನ್ನು ನಿಂತಲ್ಲೇ ಕುಣಿಯುತ್ತಿರುತ್ತದೆ, ನಾವು ಕಾಗದವನ್ನು ಓಡಿಸಬೇಕು. ಎಲೆ ಬಲಕ್ಕೆ ಹೋಗಬೇಕು ಅಂದರೆ ಬಟ್ಟೆಯನ್ನು ಎಡಕ್ಕೆ ತಳ್ಳಬೇಕು. ಮೊದಲ ಅರ್ಧ ಗಂಟೆ ಮಿದುಳಿಗೂ ಕೈಗೂ ಜಗಳ. ಆಮೇಲೆ ಕಣ್ಣನ್ನು ಸೂಜಿಯಿಂದ ಕಿತ್ತು, ಮುಂದೆ ಹೋಗಬೇಕಾದ ಜಾಗದ ಮೇಲೆ ಇಟ್ಟರೆ ಜಗಳ ನಿಲ್ಲುತ್ತದೆ. ಸೈಕಲ್ ಹೊಡೆಯುವಾಗ ಮುಂದಿನ ಚಕ್ರವನ್ನೇ ನೋಡುತ್ತಾ ಕೂತರೆ ಬೀಳುತ್ತೇವೆ, ಅಲ್ವಾ? ಹಾಗೇ ಇದು.

ಹಲ್ಲುಗಳು ಇಳಿದ ಮೇಲೆ ಹೊಲಿಗೆಯ ಉದ್ದ ಎಷ್ಟು ಅನ್ನುವುದನ್ನು ಮಿಷಿನ್ ಹೇಳುವುದಿಲ್ಲ. ಮೋಟಾರು ಓಡುವ ವೇಗ, ನಿಮ್ಮ ಕೈ ಸರಿಯುವ ವೇಗ, ಇವೆರಡರ ಲೆಕ್ಕ ಅದು. ಕೈ ಜೋರಾಗಿ ಸರಿದರೆ ಉದ್ದುದ್ದ ಹೊಲಿಗೆ, ಮೆಲ್ಲಗೆ ಸರಿದರೆ ಪುಟ್ಟ ಪುಟ್ಟ ಹೊಲಿಗೆ. ಇಂಚಿಗೆ 8ರಿಂದ 10 ಬಿದ್ದರೆ ಕಣ್ಣಿಗೆ ಹಿತ. ಎಣಿಸಿಕೊಂಡು ಯಾರೂ ಹೊಲಿಯುವುದಿಲ್ಲ, ಕಿವಿಯೇ ಹೇಳಿಕೊಡುತ್ತದೆ. ಮೋಟಾರಿನ ಸದ್ದು ಏರಿಳಿಯದೆ ಒಂದೇ ಶ್ರುತಿಯಲ್ಲಿ ಇದ್ದರೆ ಪೆಡಲ್ ಮೇಲಿನ ಕಾಲು ಸರಿಯಾಗಿದೆ ಅಂತ ಅರ್ಥ. ಇನ್ನು ಕೈಯನ್ನು ನೋಡಿಕೊಂಡರೆ ಸಾಕು.

ಸರಿ, ಈಗ ಅಂಗೈ.

ಎಡಗೈ ಅಂಗೈಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಬಲಗೈ ತೋರುಬೆರಳನ್ನು ಮಣಿಕಟ್ಟಿನ ನಡುವೆ ಇಡಿ. ಅದು ಎಲೆಯ ತೊಟ್ಟು. ಅಲ್ಲಿಂದ ನಡುಬೆರಳಿನ ಬುಡದ ಕಡೆಗೆ ಒಂದು ಗೆರೆ ಎಳೆಯಿರಿ. ನೆಟ್ಟಗೆ ಬೇಡ, ಕೊಂಚ ಬಾಗಿರಲಿ. ಬೆರಳಿನ ಬುಡ ಮುಟ್ಟುವ ಮುಂಚೆಯೇ ನಿಲ್ಲಿಸಿ. ಅದು ಎಲೆಯ ನಡುನರ. ಈಗ ಅದೇ ಗೆರೆಯ ಮೇಲೆ ಮಣಿಕಟ್ಟಿಗೆ ವಾಪಸ್ ಬನ್ನಿ. ಗೆರೆಯ ಮೇಲೆ ಗೆರೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಆಚೀಚೆ ಆದರೂ ತೊಂದರೆ ಇಲ್ಲ. ನರ ದಪ್ಪಗೆ ಕಾಣುತ್ತದೆ, ಒಳ್ಳೆಯದೇ.

ಇನ್ನು ಅಂಚು. ಮಣಿಕಟ್ಟಿನಿಂದ ಹೆಬ್ಬೆರಳಿನ ಕಡೆಗೆ ಬೆರಳನ್ನು ಹೊರಗೆ ಜಾರಿಸಿ, ಉಬ್ಬಿನ ಮೇಲೆ ನಿಲ್ಲಿಸಿ. ಇದು ಮೊದಲ ಮುಳ್ಳು. ನಿಂತಿರಾ? ಅಲ್ಲಿಂದ ಒಳಗೆ, ನಡುನರದ ಕಡೆಗೆ ಬಾಗಿ, ಮತ್ತೆ ಹೊರಗೆ ಬಂದು ಸ್ವಲ್ಪ ಮೇಲೆ ಇನ್ನೊಂದು ಮುಳ್ಳು. ನಿಲ್ಲಿ. ಮತ್ತೆ ಒಳಗೆ ಬಾಗಿ, ಹೊರಗೆ ಬಂದು ಮೂರನೆಯದು. ನಿಲ್ಲಿ. ಇನ್ನೊಂದು ಬಾಗಿನಲ್ಲಿ ನಡುಬೆರಳಿನ ಬುಡ, ಅಂದರೆ ಎಲೆಯ ತುದಿ. ಅಲ್ಲೂ ನಿಲ್ಲಿ. ಆಮೇಲೆ ಕಿರುಬೆರಳಿನ ಕಡೆಯಿಂದ ಹಾಗೇ ಮೂರು ಮುಳ್ಳು ಇಳಿದು ಮಣಿಕಟ್ಟಿಗೆ ಬನ್ನಿ. ಬೆರಳು ಎತ್ತದೆ ಇಡೀ ಎಲೆ ಮುಗಿಯಿತು. ಹೊರಟ ಜಾಗಕ್ಕೇ ಬಂದು ನಿಂತಿದ್ದೇವೆ.

ಎರಡು ಮುಳ್ಳುಗಳ ನಡುವಿನ ಆ ಬಾಗು ಇದೆಯಲ್ಲ, ಅದರಲ್ಲೇ ನಾನು ಎಡವಿದ್ದು. ಎರಡು ಗೂಟಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ ನಡುವೆ ಜೋತುಬೀಳುತ್ತದಲ್ಲ, ಅಂಚು ಹಾಗೆ ಒಳಕ್ಕೆ ಜೋತುಬೀಳಬೇಕು. ನಾನು ಹೊರಕ್ಕೆ ಉಬ್ಬಿಸಿದ್ದೆ. ಹೊರಕ್ಕೆ ಉಬ್ಬಿದರೆ ಓಕ್ ಮರದ ಎಲೆ ಆಗುತ್ತದೆ, ಇಲ್ಲವೇ ಮೋಡ.

ಎರಡನೇ ತಪ್ಪು, ನಿಲ್ಲದೇ ಇದ್ದದ್ದು. ಬಾಗು ಸರಿ ಮಾಡಿಕೊಂಡ ಮೇಲೂ ನನ್ನ ಮುಳ್ಳುಗಳು ಮೊಂಡಾಗಿಯೇ ಬರುತ್ತಿದ್ದವು. ಸೂಜಿ ಬದಲಿಸಿದೆ, ದಾರ ಬದಲಿಸಿದೆ, ಮಿಷಿನ್ನನ್ನು ಬೈದೆ. ಆಮೇಲೆ ಗೊತ್ತಾಯಿತು. ಮುಳ್ಳಿನ ತುದಿಗೆ ಬಂದಾಗ ಕೈ ನಿಲ್ಲದೆ ತಿರುಗಿಬಿಡುತ್ತಿತ್ತು. ಸೂಜಿ ಒಮ್ಮೆ ತುದಿಗೆ ಸ್ವಲ್ಪ ಮುಂಚೆ ಇಳಿಯುತ್ತಿತ್ತು, ಮತ್ತೊಮ್ಮೆ ತಿರುಗಿದ ಮೇಲೆ ಇಳಿಯುತ್ತಿತ್ತು. ತುದಿಯಲ್ಲಿ ಹೊಲಿಗೆಯೇ ಬೀಳುತ್ತಿರಲಿಲ್ಲ. ಅತ್ತಲೊಂದು ಇತ್ತಲೊಂದು ಬಿದ್ದ ಹೊಲಿಗೆ ಮೂಲೆಯನ್ನು ಕತ್ತರಿಸಿಹಾಕುತ್ತಿತ್ತು. ಮುಳ್ಳು ಚೂಪಾಗಬೇಕಾದರೆ ಕೈ ಅಲ್ಲೊಂದು ಕ್ಷಣ ಅಲುಗದೆ ನಿಲ್ಲಬೇಕು. ಮೋಟಾರು ಓಡುತ್ತಲೇ ಇರಲಿ. ಸೂಜಿ ಅದೇ ತೂತಿಗೆ ಒಮ್ಮೆ ಇಳಿಯಲಿ, ಆಮೇಲೆ ತಿರುಗಿ. ಒಂದು ಹೊಲಿಗೆ, ಹೆಚ್ಚೆಂದರೆ ಎರಡು. ನಾಲ್ಕೈದು ಆದರೆ ಅಡಿಯಲ್ಲಿ ಗಂಟು ಕಟ್ಟುತ್ತದೆ. ಅದಕ್ಕೇ ಅಂಗೈ ಮೇಲೆ ಪ್ರತಿ ಮುಳ್ಳಿಗೂ "ನಿಲ್ಲಿ" ಅಂತ ಗೋಗರೆದದ್ದು. ಈಗಲೂ ಹೊಲಿಯುವಾಗ ಬಾಯಲ್ಲಿ "ಹೋಗು, ನಿಲ್ಲು, ಹೋಗು, ನಿಲ್ಲು" ಅಂತ ಗೊಣಗುತ್ತಿರುತ್ತೇನೆ. ಮನೆಯವರಿಗೆ ಅಭ್ಯಾಸವಾಗಿದೆ.

ಇನ್ನು ಹಣ್ಣು. ಎಲೆ ಮುಗಿದಾಗ ನಾವು ತೊಟ್ಟಿನಲ್ಲೇ ಇದ್ದೇವೆ, ಹಣ್ಣು ಬರುವುದೂ ಅಲ್ಲೇ. ಮೂರು ಹಣ್ಣು ಸಾಕು. ಎರಡಾದರೆ ಕನ್ನಡಕ, ನಾಲ್ಕಾದರೆ ಸಂತೆ. ಅಂಗಿಯ ಗುಂಡಿಯಷ್ಟು ದೊಡ್ಡದಿರಲಿ. ತೊಟ್ಟಿನಿಂದ ಹೊರಟು ಒಂದು ಸುತ್ತು ಹಾಕಿ, ನಿಲ್ಲಿಸದೆ ಇನ್ನರ್ಧ ಸುತ್ತು ಹೋಗಿ. ಆಗ ಹಣ್ಣಿನ ಆಚೆ ದಡಕ್ಕೆ ಬಂದಿರುತ್ತೀರಿ. ಎರಡನೇ ಹಣ್ಣು ಅಲ್ಲಿಂದಲೇ ಶುರು. ಒಂದೇ ಸುತ್ತಿಗೆ ನಿಲ್ಲಿಸಿದರೆ ಹೊರಟಲ್ಲಿಗೇ ಬಂದು ಸಿಕ್ಕಿಬೀಳುತ್ತೀರಿ, ಮುಂದಿನ ಹಣ್ಣಿಗೆ ದಾರಿ ಇರುವುದಿಲ್ಲ. ಒಂದೂವರೆ ಸುತ್ತಿನಿಂದ ಅರ್ಧ ಹಣ್ಣಿಗೆ ಎರಡು ಗೆರೆ ಬೀಳುತ್ತದೆ, ಅದು ನೆರಳಿನ ಹಾಗೆ ಕಾಣುತ್ತದೆ. ಗುಂಡಗೆ ಬರಲಿಲ್ಲ ಅಂತ ಕೊರಗಬೇಡಿ. ಆದರೆ ಒಂದು ಮಾತು. ಎಲೆಯಲ್ಲಿ ಹಾಕಿದ ಉದ್ದದ ಹೊಲಿಗೆಯನ್ನೇ ಹಣ್ಣಿಗೂ ಹಾಕಿದರೆ ಗುಂಡು ಹೋಗಿ ಆರು ಮೂಲೆ ಆಗುತ್ತದೆ. ಇಲ್ಲಿ ಕೈ ನಿಧಾನ ಆಗಬೇಕು, ಹೊಲಿಗೆ ಪುಟ್ಟದಾಗಬೇಕು. ಮೂರನೇ ಹಣ್ಣಿನಿಂದ ಒಂದು ಬಳುಕುವ ಗೆರೆ ಹೊರಟು, ಮುಂದಿನ ಎಲೆಯ ತೊಟ್ಟು ಆಗುತ್ತದೆ. ಹೀಗೆ ಕೌದಿಯ ಇಡೀ ಅಂಚನ್ನು ದಾರ ಕತ್ತರಿಸದೆ ತುಂಬಬಹುದು.

ದಾರ ಯಾವ ಬಣ್ಣ? ಹಬ್ಬ ಅಂದಕೂಡಲೇ ಕೆಂಪು, ಹಸಿರು ರೀಲಿಗೆ ಕೈ ಹೋಗುತ್ತದೆ. ನನ್ನ ಮಾತು ಕೇಳಿ, ಬಟ್ಟೆಯದೇ ಬಣ್ಣದ ದಾರ ಹಾಕಿ. ಬೇರೆ ಬಣ್ಣ ಹಾಕಿದರೆ ಒಂದೊಂದು ತಪ್ಪೂ ಎದ್ದು ನಿಲ್ಲುತ್ತದೆ. ಕೌದಿಯಲ್ಲಿ ಎಲೆ ಕಾಣಬೇಕಾದ್ದು ಬೆಳಕು ನೆರಳಿನಿಂದ. ಎಲೆ, ಹಣ್ಣಿನ ಒಳಗೆ ಹೊಲಿಗೆ ಹಾಕದೆ ಬಿಟ್ಟು, ಸುತ್ತಲಿನ ಜಾಗವನ್ನು ಒತ್ತೊತ್ತಾದ ಅಂಕುಡೊಂಕು ಗೆರೆಗಳಿಂದ ತುಂಬಿಬಿಡಿ. ಸುತ್ತಲಿನದು ಚಪ್ಪಟೆಯಾಗಿ ಕೂರುತ್ತದೆ, ಎಲೆಯೂ ಹಣ್ಣೂ ಉಬ್ಬಿ ಮೇಲೆ ಬರುತ್ತವೆ. ಸಂಜೆಯ ಓರೆ ಬೆಳಕಿನಲ್ಲಿ ನೋಡಬೇಕು ಅದನ್ನು.

ಎಡವಟ್ಟುಗಳಿಗೆ ಲೆಕ್ಕವಿಲ್ಲ, ಎರಡು ಮೂರು ಹೇಳುತ್ತೇನೆ. ಕುಪ್ಪಳಿಸುವ ಪಾದ ಇಳಿಸಿದರೂ ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲ. ಹಾಗಾಗಿ ಇಳಿಸುವುದೇ ಮರೆತುಹೋಗುತ್ತದೆ. ಪಾದ ಮೇಲಿದ್ದರೆ ಮೇಲಿನ ದಾರಕ್ಕೆ ಬಿಗಿಯೇ ಇರುವುದಿಲ್ಲ. ನಾಲ್ಕು ಸೆಕೆಂಡಿನಲ್ಲಿ ಅಡಿಬಟ್ಟೆಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಇನ್ನೊಂದು, ಬಾಗಿನಲ್ಲಿ ಕೈ ಜೋರಾಗಿ ಎಳೆದರೆ ಅಡಿಯಲ್ಲಿ ದಾರ ರೆಪ್ಪೆಗೂದಲಿನ ಹಾಗೆ ಚಾಚಿಕೊಳ್ಳುತ್ತದೆ. ಮಿಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ಬಾಬಿನ್ ಉರುಳೆಯ ದಾರ ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಕೊಂಡಿ ಹಾಕಿಕೊಳ್ಳಬೇಕು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಹೊಲಿಗೆ ಇದೇ. ಕೌದಿಯಲ್ಲಿ ಆ ಕೊಂಡಿ ಹತ್ತಿಯೊಳಗೆ ಅಡಗಿ ಕೂರುತ್ತದೆ. ಕೈ ಅವಸರ ಮಾಡಿದಾಗ ಅದು ಅಡಿಗೆ ಜಾರುತ್ತದೆ. ಮೂರನೆಯದು ನನ್ನ ಸ್ವಂತದ್ದು. ಕೆಳಗೆ ಅಡಿಬಟ್ಟೆಯ ಒಂದು ಮೂಲೆ ಮಡಚಿಕೊಂಡಿದ್ದು ಕಾಣಲಿಲ್ಲ. ಏಳು ಎಲೆ ಹೊಲಿದು ಎತ್ತಿದರೆ ಕೌದಿ ತನಗೆ ತಾನೇ ಹೊಲಿದುಕೊಂಡಿದೆ! ಇಡೀ ಸಂಜೆ ಬಿಚ್ಚಿದೆ. ಅವತ್ತಿನಿಂದ ನಾಲ್ಕು ಇಂಚಿಗೊಂದರಂತೆ ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಗೆ ಹೊಲಿಯುತ್ತೇನೆ. ಪ್ರತಿ ಎಲೆಗೂ ಒಮ್ಮೆ ಅಡಿಗೆ ಕೈ ಹಾಕಿ ಸವರಿ ನೋಡುತ್ತೇನೆ.

ಗುರುತು ಹಾಕುವ ಪೆನ್ನಿನ ಬಗ್ಗೆಯೂ ಹುಷಾರು. ನೀರಿಗೆ ಅಳಿಯುವ ನೀಲಿ ಗುರುತಿನ ಮೇಲೆ ಇಸ್ತ್ರಿ ಓಡಿಸಿದರೆ ಅದು ಅಲ್ಲೇ ಬೇರೂರಬಹುದು. ಇಸ್ತ್ರಿಯ ಬಿಸಿಗೆ ಅಳಿಯುವ ಇನ್ನೊಂದು ಬಗೆಯ ಪೆನ್ನಿದೆ, ಅದರ ಗುರುತು ಕೊರೆಯುವ ಚಳಿಯಲ್ಲಿ ವಾಪಸ್ ಬರುತ್ತದೆ. ನಾನು ಗುರುತೇ ಹಾಕುವುದಿಲ್ಲ. ಒಂದು ಹಾಳೆಯ ಮೇಲೆ ಪೆನ್ಸಿಲ್ ಎತ್ತದೆ ಐವತ್ತು ಎಲೆ ಬರೆದು, ಆಮೇಲೆ ಮಿಷಿನ್ ಮುಂದೆ ಕೂರುತ್ತೇನೆ.

ಕೈಯಲ್ಲಿ ಹೊಲಿದರೇ ಕೌದಿ, ಮಿಷಿನ್‌ನದು ಮೋಸ ಅನ್ನುವವರು ಈಗಲೂ ಸಿಗುತ್ತಾರೆ. ಅಮೆರಿಕದಲ್ಲಿ ಈ ಜಗಳ ಬಹಳ ದಿನ ನಡೆಯಿತು. 1989ರಲ್ಲಿ ಕೌದಿ ಹೊಲಿಯುವವರ ಸಂಘವಾದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಅವರ ಸೂರ್ಯಗ್ರಹಣದ ಕೌದಿಗೆ ಮೊದಲ ಬಹುಮಾನ ಬಂತು. ಅದು ಮಿಷಿನ್ ಹೊಲಿಗೆಯದು. ಆಗ ಗಲಾಟೆ ಇನ್ನೂ ಜಾಸ್ತಿ ಆಯಿತು, ಆಮೇಲೆ ಮೆಲ್ಲಗೆ ತಣ್ಣಗಾಯಿತು. ನನ್ನನ್ನು ಕೇಳಿದರೆ, ಏಳು ಎಲೆ ಬಿಚ್ಚಿದವರಿಗೆ ಇದು ಸುಲಭದ ದಾರಿ ಅಂತ ಯಾರೂ ಹೇಳಬಾರದು.

ಕೆಂಪು ಬಟ್ಟೆ ಬಳಸುವುದಿದ್ದರೆ ಹೊಲಿಯುವ ಮುಂಚೆಯೇ ಒಮ್ಮೆ ತೊಳೆದು, ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ನಡುವಿನ ಹತ್ತಿಯನ್ನು ಮಾತ್ರ ತೊಳೆಯಬೇಡಿ. ಹೊಲಿದಾದ ಮೇಲೆ ಮೊದಲ ಒಗೆತಕ್ಕೆ ಅದು ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಆಗ ಬಟ್ಟೆಯ ಮೇಲೆಲ್ಲ ಸಣ್ಣ ಸಣ್ಣ ಸುಕ್ಕು ಏಳುತ್ತದೆ. ಓರೆಯಾದ ಮುಳ್ಳು, ಸೊಟ್ಟ ಹಣ್ಣು ಎಲ್ಲ ಆ ಸುಕ್ಕಿನೊಳಗೆ ಸೇರಿಕೊಂಡುಬಿಡುತ್ತವೆ.

ನನ್ನ ಆ ಮೊದಲ ಕೌದಿ ಈಗಲೂ ಬಳಕೆಯಲ್ಲಿದೆ. ಮೋಡಗಳಿರುವ ಮೂಲೆಯನ್ನು ಕಾಲ ಕಡೆಗೆ ಹಾಕಿಕೊಳ್ಳುತ್ತೇನೆ.

ನಮಸ್ಕಾರ.