ಲಿಸ್ಬನ್: ಗೋಡೆಯೊಳಗೆ ಮರದ ಪಂಜರ

ಕೇಳುಗರಿಗೆ ನಮಸ್ಕಾರ.

ಬೀಗಕ್ಕೆ ಚಾವಿ, ಊಟಕ್ಕೆ ಬಟಾಟಿ ಪಲ್ಯ, ಚರ್ಚಿನಲ್ಲಿ ಪಾದ್ರಿ. ನಮ್ಮ ಬಾಯಲ್ಲಿ ಓಡಾಡುವ ಈ ಮೂರೂ ಮಾತು ಪೋರ್ಚುಗೀಸರ ಜೊತೆ ಬಂದವು. ವಾಸ್ಕೋ ಡ ಗಾಮ 1497ರಲ್ಲಿ ಹಡಗು ಹತ್ತಿದ್ದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲಿ, ತೇಜೋ ನದಿಯ ದಡದಲ್ಲಿ. ಮುಂದೆ ನಮ್ಮ ಕಡೆಯ ಕಾಳುಮೆಣಸಿನ ದುಡ್ಡೂ ಆ ಊರಿನ ಅರಮನೆಗೆ ಸೇರಿತು.

ಆ ಅರಮನೆ ಈಗಿಲ್ಲ.

1755ರ ನವೆಂಬರ್ 1. ಸಕಲ ಸಂತರ ಹಬ್ಬ. ಬೆಳಗಿನ ಹೊತ್ತು, ಚರ್ಚುಗಳಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲೆಲ್ಲೂ ಮೇಣದ ಬತ್ತಿ. ಆಗ ನೆಲ ನಡುಗಿತು. ಬದುಕಿ ಉಳಿದವರು ಬಯಲು ಸಿಗುತ್ತದೆಂದು ನದಿಯ ಕಡೆ ಓಡಿದರು. ನೀರು ಹಿಂದಕ್ಕೆ ಸರಿದು, ಗೋಡೆಯಂತೆ ವಾಪಸ್ ಬಂತು. ಇತ್ತ ಬಿದ್ದ ಬತ್ತಿ, ಉರಿಯುತ್ತಿದ್ದ ಒಲೆಗಳಿಂದ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಆರಲಿಲ್ಲ. ಅರಮನೆಯ ಪುಸ್ತಕ ಭಂಡಾರವೂ ಬೂದಿಯಾಯಿತು.

ದೊರೆ ಜೋಸೆ ಅವತ್ತು ಊರಾಚೆ ಬೆಲೆಂನಲ್ಲಿದ್ದ. ಜೀವ ಉಳಿಯಿತು, ಧೈರ್ಯ ಹೋಯಿತು. ಮತ್ತೆ ಕಲ್ಲಿನ ಮನೆಯಲ್ಲಿ ಮಲಗಲು ಒಪ್ಪಲೇ ಇಲ್ಲ. ಅಜುಡಾ ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು 1777ರಲ್ಲಿ ಸಾಯುವತನಕ ಅಲ್ಲೇ ಇದ್ದ. ಪಾಪ, ನಗುವ ಹಾಗಿಲ್ಲ. ಆದರೆ ಆ ಮರದ ಅರಮನೆ 1794ರಲ್ಲಿ ಸುಟ್ಟುಹೋಯಿತು ಅನ್ನುವುದನ್ನು ಹೇಳದೇ ಇರಲಾರೆ.

ಊರು ಕಟ್ಟುವ ಕೆಲಸ ಮಂತ್ರಿಯ ಹೆಗಲಿಗೆ ಬಿತ್ತು. ಮುಂದೆ ಪೊಂಬಾಲ್ ಎಂದು ಹೆಸರಾದವನು. ಕಡು ನಿಷ್ಠುರ ಮನುಷ್ಯ, ವಿರೋಧಿಗಳನ್ನು ಸುಮ್ನೆ ಬಿಟ್ಟವನಲ್ಲ. ಆದರೂ ಅವನ ಒಂದು ಕೆಲಸ ನನಗೆ ಬಹಳ ಇಷ್ಟ. ದೇಶದ ಪಾದ್ರಿಗಳಿಗೆಲ್ಲ ಅವನು ಪ್ರಶ್ನೆಗಳ ಪಟ್ಟಿ ಕಳಿಸಿದ. ಭೂಮಿ ಎಷ್ಟು ಹೊತ್ತು ನಡುಗಿತು? ಸಮುದ್ರ ಮೊದಲು ಏರಿತೋ, ಇಳಿಯಿತೋ? ನೆಲ ಬಿರುಕು ಬಿಟ್ಟಿತೇ? ಇದು ದೇವರ ಸಿಟ್ಟು ಎಂದು ಊರೆಲ್ಲ ಎದೆ ಬಡಿದುಕೊಳ್ಳುತ್ತಿದ್ದ ಕಾಲ ಅದು. ಉತ್ತರಗಳು ಲಿಸ್ಬನ್‌ನ ದಫ್ತರದಲ್ಲಿ ಇವತ್ತಿಗೂ ಇವೆ.

ನದಿ ಪಕ್ಕದ ಬೈಶಾ ಪೇಟೆಯಲ್ಲಿ ನೇರ ಬೀದಿಗಳನ್ನು ಎಳೆದರು. ಅಕ್ಕಸಾಲಿಗರಿಗೊಂದು, ಬೆಳ್ಳಿಗೊಂದು, ಚಪ್ಪಲಿ ಹೊಲೆಯುವವರಿಗೊಂದು. ಮನೆಗಳ ಗೋಡೆಯೊಳಗೆ ಅಡ್ಡಪಟ್ಟಿ, ಓರೆಪಟ್ಟಿ ಸೇರಿಸಿ ಮರದ ಪಂಜರ ಕೂರಿಸಿದರು. ನೆಲ ಅಲುಗಿದರೆ ಮರ ಬಾಗಬೇಕು, ಮುರಿಯಬಾರದು. ಮಾದರಿಯ ಸುತ್ತ ಸೈನಿಕರನ್ನು ದಡದಡ ನಡೆಸಿ ಪರೀಕ್ಷೆ ಮಾಡಿದರು ಎನ್ನುತ್ತಾರೆ.

ಅಲ್ಫಾಮಾ ಕೇರಿ ಮಾತ್ರ ಹಳೆಯ ಹಾಗೇ, ಸೊಟ್ಟ ಓಣಿಗಳೊಂದಿಗೆ ಉಳಿಯಿತು. ಹೆಸರೇ ಅರಬ್ಬರ ಕಾಲದ್ದು. ಜೂನ್ 12ರ ರಾತ್ರಿ, ಸಂತ ಆಂಟೋನಿಯ ಹಬ್ಬಕ್ಕೆ, ಅಲ್ಲಿ ಬಾಗಿಲ ಮುಂದೆಯೇ ಕೆಂಡದ ಮೇಲೆ ಮೀನು ಸುಡುತ್ತಾರೆ. ಊರ ತುಂಬ ಹೊಗೆ. ಗುಡ್ಡದ ಮೇಲಿನ ಕಾರ್ಮೋ ಚರ್ಚಿಗೆ ಭೂಕಂಪದ ದಿನ ಹೋದ ಚಾವಣಿಯನ್ನು ಮತ್ತೆ ಹಾಕಲೇ ಇಲ್ಲ. ಕಮಾನುಗಳ ಮೇಲೆ ಈಗ ಬರೀ ಆಕಾಶ.

ನದಿ ದಡದ ದೊಡ್ಡ ಚೌಕಕ್ಕೆ ಪೊಂಬಾಲ್ ಕಾಲದಲ್ಲಿ ವ್ಯಾಪಾರದ ಚೌಕ ಎಂದು ಹೆಸರಿಟ್ಟರು. ಫಲಕದ ಮೇಲೂ ಹಾಗೇ ಇದೆ. ಊರಿನವರನ್ನು ಕೇಳಿ ನೋಡಿ, ಈಗಲೂ ತೆರೈರೊ ದು ಪಾಸೊ ಅನ್ನುತ್ತಾರೆ. ಅಂದರೆ, ಅರಮನೆ ಅಂಗಳ.