ಮುತ್ತಾತನ ಆರು ಮೈಲಿ, ಮರಿಮಗನ ಮುನ್ನೂರು ಗಜ

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಬಿಡದೆ ಕಾಡಿದ್ದರಿಂದ, ಈ ವಾರಕ್ಕೆಂದು ಸಿದ್ಧಪಡಿಸಿದ್ದ ವಿಷಯವನ್ನು ಬದಿಗಿಟ್ಟು ಅದರ ಬೆನ್ನು ಹತ್ತಿದ್ದೇನೆ. ಅವರು ಕೇಳಿದ್ದು ಇಷ್ಟು: "ನಮ್ಮ ತಾತನಿಗೆ ಬೆಟ್ಟಗಳ ಹುಚ್ಚು, ನಮ್ಮಪ್ಪನಿಗೆ ಕೆರೆಗಳ ಹುಚ್ಚು, ನನಗೆ ಲಾಲ್‌ಬಾಗ್ ಆದರೆ ಸಾಕು, ನನ್ನ ಮಗ ಬಾಲ್ಕನಿಗೂ ಬರುವುದಿಲ್ಲ. ಈ ಒಲವು ರಕ್ತದಲ್ಲಿ ಬರುವುದೋ, ಯಾರಾದರೂ ಕೊಟ್ಟರೆ ಮಾತ್ರ ಬರುವುದೋ?"

ಮೊದಲು ರಕ್ತದ ವಿಚಾರವನ್ನು ಬೇಗ ಮುಗಿಸೋಣ. ಸಿಂಗಪುರದ ಸಂಶೋಧಕರ ಮುಂದಾಳತ್ವದ ತಂಡವೊಂದು ಬ್ರಿಟನ್ನಿನ 1,153 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿತು. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ ಆಗಿರುತ್ತವೆ. ಉಳಿದ ಅವಳಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಾತ್ರ ಹೊಂದುತ್ತವೆ. ಆದ್ದರಿಂದ ಒಂದು ಗುಣದಲ್ಲಿ ತದ್ರೂಪಿಗಳ ನಡುವಿನ ಹೋಲಿಕೆ ಉಳಿದವರಿಗಿಂತ ಎಷ್ಟು ಹೆಚ್ಚಿದೆ ಎಂದು ಅಳೆದರೆ, ಆ ಗುಣದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದರ ಅಂದಾಜು ಸಿಗುತ್ತದೆ. ನಿಸರ್ಗದ ಕಡೆಗೆ ಇರುವ ಸೆಳೆತದ ವಿಷಯದಲ್ಲಿ ಆ ಪಾಲು ಶೇಕಡಾ 46 ಎಂದು ಬಂತು, ಮನೆಯ ತೋಟಕ್ಕೆ ಎಷ್ಟು ಸಲ ಹೋಗುತ್ತಾರೆ ಎಂಬ ವಿಷಯದಲ್ಲಿ ಶೇಕಡಾ 34.

ಹಾಗೆಂದು ನಿಮ್ಮ ಮಗನಲ್ಲಿ ಶೇಕಡಾ 46ರಷ್ಟು ತಾತ, ಶೇಕಡಾ 54ರಷ್ಟು ಮೊಬೈಲ್ ಇದ್ದಾನೆ ಎಂದು ಲೆಕ್ಕ ಹಾಕಬೇಡಿ. ಈ ಸಂಖ್ಯೆ ಜನಸಮೂಹವೊಂದರಲ್ಲಿ ಕಾಣುವ ವ್ಯತ್ಯಾಸಗಳಿಗೆ ಸಂಬಂಧಿಸಿದ್ದು, ಒಬ್ಬ ವ್ಯಕ್ತಿಯನ್ನು ಅದರಿಂದ ಭಾಗಿಸಲಾಗುವುದಿಲ್ಲ. ವಯಸ್ಸಾದಂತೆ ವಂಶವಾಹಿಗಳ ಪ್ರಭಾವ ಇಳಿಯುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ಅರ್ಧಕ್ಕಿಂತ ಕೊಂಚ ಹೆಚ್ಚಿನ ಭಾಗ ರಕ್ತದ ಹೊರಗೆ ಉಳಿಯಿತು. ನನಗೆ ಕುತೂಹಲ ಇರುವುದು ಆ ಭಾಗದ ಬಗ್ಗೆ.

[ಪರದೆಯ ಮೇಲೆ: ಶೆಫೀಲ್ಡ್ ನಗರದ ನಕ್ಷೆ, ಒಂದರೊಳಗೊಂದು ನಾಲ್ಕು ವೃತ್ತಗಳು]

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಸಂಚಿಕೆಗಾಗಿ ಓದಿದ್ದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಇದೇ. 2007ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಒಂದು ಕುಟುಂಬದ ನಾಲ್ಕು ತಲೆಮಾರಿನವರ ವಿವರ ಪತ್ರಿಕೆಗಳಲ್ಲಿ ಬಂತು. ಎಂಟು ವರ್ಷದವರಿದ್ದಾಗ ದೊಡ್ಡವರ ಜೊತೆಯಿಲ್ಲದೆ ಎಲ್ಲಿಯವರೆಗೆ ಹೋಗುತ್ತಿದ್ದಿರಿ ಎಂಬುದು ಅವರೆಲ್ಲರ ಮುಂದಿದ್ದ ಒಂದೇ ಪ್ರಶ್ನೆ. ಒಂದನೇ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಮುತ್ತಾತ ಮೀನು ಹಿಡಿಯಲೆಂದು ಆರು ಮೈಲಿ ನಡೆದು ಹೋಗುತ್ತಿದ್ದರು. 1950ರಲ್ಲಿ ತಾತ ಒಂದು ಮೈಲಿ ದೂರದ ಕಾಡಿನವರೆಗೆ ಹೋಗಬಹುದಿತ್ತು. 1979ರಲ್ಲಿ ತಾಯಿಗೆ ಅರ್ಧ ಮೈಲಿ ದೂರದ ಈಜುಕೊಳದವರೆಗೆ ಅಪ್ಪಣೆ ಇತ್ತು. 2007ರಲ್ಲಿ ಮಗನಿಗೆ ಇದ್ದದ್ದು 300 ಗಜ, ಅಂದರೆ ಅವರ ಬೀದಿಯ ಕೊನೆ. ಒಗೆದಾಗಲೆಲ್ಲ ಕುಗ್ಗುವ ಹತ್ತಿ ಅಂಗಿಯನ್ನು ಮುತ್ತಾತನಿಂದ ಮರಿಮಗನವರೆಗೆ ಎಲ್ಲರೂ ತೊಟ್ಟಂತೆ ಇದು. ಅಂಗಿ ಅದೇ, ಆದರೆ ಕೊನೆಯವನಿಗೆ ಅದರೊಳಗೆ ಕೈಯೆತ್ತಲೂ ಆಗುವುದಿಲ್ಲ. ಆ ಹುಡುಗ ಸೈಕಲ್ ತುಳಿಯಬೇಕೆಂದರೆ, ಸೈಕಲ್ಲನ್ನೂ ಅವನನ್ನೂ ಕಾರಿನಲ್ಲಿ ಸುರಕ್ಷಿತ ಜಾಗವೊಂದಕ್ಕೆ ಕರೆದೊಯ್ಯುತ್ತಿದ್ದರಂತೆ. ಭಾನುವಾರ ಬೆಳಗ್ಗೆ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ನಂದಿ ಬೆಟ್ಟಕ್ಕೆ ಹೊರಡುವ ನಾವು ಇದಕ್ಕೆ ನಗುವ ಅಧಿಕಾರವನ್ನು ಎಂದೋ ಕಳೆದುಕೊಂಡಿದ್ದೇವೆ.

[ಪರದೆಯ ಮೇಲೆ: ಬಸವನಗುಡಿ ಕೇಂದ್ರವಾಗಿರುವ ಬೆಂಗಳೂರಿನ ನಕ್ಷೆ]

ಈಗ ಇದೇ ನಾಲ್ಕು ವೃತ್ತಗಳನ್ನು ಬಸವನಗುಡಿಯ ದೊಡ್ಡ ಬಸವಣ್ಣನ ದೇವಸ್ಥಾನದ ಸುತ್ತ ಎಳೆಯೋಣ. ಆರು ಮೈಲಿ ಎಂದರೆ ಸುಮಾರು 9.6 ಕಿಲೋಮೀಟರ್, ನೇರ ಗೆರೆಯ ಲೆಕ್ಕದಲ್ಲಿ ತುರಹಳ್ಳಿಯ ಬಂಡೆಗಳೂ ಕುರುಚಲು ಕಾಡೂ ಈ ವೃತ್ತದೊಳಗೆ ಬರುತ್ತವೆ, ಉತ್ತರದಲ್ಲಿ ಸ್ಯಾಂಕಿ ಕೆರೆಯೂ ಬರುತ್ತದೆ. ಒಂದು ಮೈಲಿಯ ವೃತ್ತ ಲಾಲ್‌ಬಾಗಿನ ಪಶ್ಚಿಮ ದ್ವಾರದ ಹತ್ತಿರ ಹೋಗಿ ನಿಲ್ಲುತ್ತದೆ. ಅರ್ಧ ಮೈಲಿಯಲ್ಲಿ ಗಾಂಧಿ ಬಜಾರು ಸಿಗುತ್ತದೆ. ಮಸಾಲೆ ದೋಸೆಗೆ ಅಷ್ಟು ದೂರ ಧಾರಾಳವಾಯಿತು, ಹಕ್ಕಿಗಳಿಗೆ ಸಾಲದು. ಇನ್ನು 300 ಗಜ, ಸುಮಾರು 275 ಮೀಟರ್. ದೇವಸ್ಥಾನದ ಪಕ್ಕದಲ್ಲೇ ಇರುವ ಬ್ಯೂಗಲ್ ರಾಕ್ ಉದ್ಯಾನ ಅದರೊಳಗೆ ಬರುವುದರಿಂದ ಬಸವನಗುಡಿಯ ಮಗು ಪುಣ್ಯವಂತ ಎನ್ನಬೇಕು. ಆ ಬಂಡೆಯ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು, ಕಾರ್ತಿಕದ ಕಡಲೆಕಾಯಿ ಪರಿಷೆ ಇದೇ ಬೀದಿಯಲ್ಲಿ ಸೇರುತ್ತದೆ. ಹೊರವರ್ತುಲ ರಸ್ತೆಯ ಆಚೆಗಿನ ಬಡಾವಣೆಯೊಂದರಲ್ಲಿ ಇದೇ 275 ಮೀಟರ್ ಅಳೆದು ನೋಡಿದರೆ ಅದರಲ್ಲಿ ಏನೇನು ಸಿಗುತ್ತದೆ ಎಂಬುದನ್ನು ನೀವೇ ಊಹಿಸಿ.

ದೂರವನ್ನು ಬಿಟ್ಟು ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಇನ್ನೂ ತಲೆ ತಿರುಗುತ್ತದೆ. ಮುತ್ತಾತನ ವೃತ್ತದೊಳಗೆ ಸುಮಾರು 290 ಚದರ ಕಿಲೋಮೀಟರ್ ನೆಲ ಇತ್ತು. ಮರಿಮಗನ ವೃತ್ತದಲ್ಲಿ ಇರುವುದು 60 ಎಕರೆಗೂ ಕಡಿಮೆ, ಅಂದರೆ 240 ಎಕರೆಯ ಲಾಲ್‌ಬಾಗಿನ ಕಾಲು ಭಾಗದಷ್ಟು. ನಾಲ್ಕು ತಲೆಮಾರಿನಲ್ಲಿ ಮಗುವಿನ ರಾಜ್ಯ ಸಾವಿರದ ಇನ್ನೂರಕ್ಕೂ ಹೆಚ್ಚು ಪಟ್ಟು ಕುಗ್ಗಿತು, ಮತ್ತು ಪ್ರತಿಯೊಬ್ಬ ಅಪ್ಪನೂ ಅಮ್ಮನೂ ಅದನ್ನು ಪ್ರೀತಿಯಿಂದಲೇ ಕುಗ್ಗಿಸಿದರು.

ಒಂದು ಕುಟುಂಬದ ಕಥೆಯನ್ನು ಇಡೀ ಲೋಕಕ್ಕೆ ಹೊರಿಸಬಾರದು ಎಂದು ನೀವು ಹೇಳುವುದು ನ್ಯಾಯ. ಆದರೆ ಇಂಗ್ಲೆಂಡಿನಲ್ಲೇ ಮೇಯರ್ ಹಿಲ್ಮನ್ ಎಂಬ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡಂತೆ, 1971ರಲ್ಲಿ ಏಳು ಮತ್ತು ಎಂಟು ವರ್ಷದ ಮಕ್ಕಳಲ್ಲಿ ಶೇಕಡಾ 80ರಷ್ಟು ಮಂದಿ ಶಾಲೆಗೆ ತಾವೇ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು ಶೇಕಡಾ 9ಕ್ಕೆ ಇಳಿದಿತ್ತು. ಆ ಅವಧಿಯಲ್ಲಿ ರಸ್ತೆ ಅಪಘಾತಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತು, ಸರ್ಕಾರ ಅದನ್ನು ರಸ್ತೆ ಸುರಕ್ಷತೆಯ ಸಾಧನೆ ಎಂದು ಹೇಳಿಕೊಳ್ಳುತ್ತಿತ್ತು. ಹಿಲ್ಮನ್ ಅವರ ವಾದ ಬೇರೆ: ರಸ್ತೆಗಳೇನೂ ಸುರಕ್ಷಿತವಾಗಲಿಲ್ಲ, ಮಕ್ಕಳನ್ನು ರಸ್ತೆಯಿಂದಲೇ ತೆಗೆಯಲಾಯಿತು. ಕನಕಪುರ ರಸ್ತೆಯನ್ನು ಒಮ್ಮೆ ನಡೆದು ದಾಟಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಕನಿಗೆ ಬಾರದ ಮಗನನ್ನು ಸೋಮಾರಿ ಎಂದು ಬೈಯುವ ಮೊದಲು, ಅವನು ಗೇಟು ದಾಟಲು ನಾವು ಬಿಡುತ್ತೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ, ಎಂಟು ವರ್ಷದ ಮಗು ಒಬ್ಬಂಟಿಯಾಗಿ ಹೋಗಲಾರದ ಊರಿನಲ್ಲಿ ತಾತನೋ ಅಪ್ಪನೋ ಜೊತೆಗೆ ಹೋದಾಗ ನಿಜವಾಗಿ ಏನಾಗುತ್ತದೆ? ಲೂಯಿಸ್ ಚಾವ್ಲಾ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿಯೂ ನಾರ್ವೆಯಲ್ಲಿಯೂ ಪರಿಸರಕ್ಕಾಗಿ ದುಡಿಯುತ್ತಿದ್ದವರನ್ನು ಮಾತನಾಡಿಸಿ, ನಿಮ್ಮನ್ನು ಈ ದಾರಿಗೆ ತಂದದ್ದು ಯಾವುದು ಎಂದು ಕೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರಗಳು ಎರಡು: ಬಯಲು, ಕಾಡು, ನೀರಿನ ಬಳಿ ಕಳೆದ ಸಮಯ ಮತ್ತು ಮನೆಯ ಹಿರಿಯರು. ಆ ಹಿರಿಯರು ಮಾಡಿದ್ದೇನು ಎಂದು ನೋಡಿದರೆ, ಅವರಲ್ಲಿ ಹೆಚ್ಚಿನವರು ಉಪದೇಶ ಮಾಡಿರಲಿಲ್ಲ. ತಮಗೆ ಇಷ್ಟವಾದದ್ದನ್ನು ತಾವು ಗಮನವಿಟ್ಟು ನೋಡುತ್ತಿದ್ದರು, ಪಕ್ಕದಲ್ಲಿ ಮಗು ಇತ್ತು, ಅಷ್ಟೆ.

ಇದರ ಬುಡ ಮನುಷ್ಯ ಶಿಶುವಿನ ಬೆಳವಣಿಗೆಯಲ್ಲೇ ಇದೆ. ಸುಮಾರು ಒಂಬತ್ತು ತಿಂಗಳಿನಿಂದ ಹದಿನೈದು ತಿಂಗಳಿನೊಳಗೆ ಮಗು ದೊಡ್ಡವರ ನೋಟವನ್ನೂ ಬೆರಳನ್ನೂ ಹಿಂಬಾಲಿಸಲು ಕಲಿಯುತ್ತದೆ, ತಾನೂ ಬೆರಳು ತೋರಿಸುತ್ತದೆ. ಅದು ಬೆರಳು ತೋರಿಸುವುದು ಯಾವಾಗಲೂ ಏನನ್ನಾದರೂ ಬೇಡುವುದಕ್ಕಲ್ಲ. ತಾನು ಕಂಡ ಕಾಗೆಯನ್ನು ನೀವೂ ಕಂಡಿರೋ ಇಲ್ಲವೋ ಎಂದು ತಿರುಗಿ ನಿಮ್ಮ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಕಾಗೆಯನ್ನು ಮಗುವಿಗೆ ಕೊಡುವ ಉದ್ದೇಶ ಯಾರಿಗೂ ಇಲ್ಲ, ತೆಗೆದುಕೊಳ್ಳುವ ಉದ್ದೇಶ ಮಗುವಿಗೂ ಇಲ್ಲ, ಆದರೂ ಇಬ್ಬರಿಗೂ ಸಂತೋಷವಾಗುತ್ತದೆ. ಲಾಲ್‌ಬಾಗ್ ಕೆರೆಯ ದಂಡೆಯಲ್ಲಿ ಯಾವ ಬೆಳಗ್ಗೆಯಾದರೂ ನಿಂತು ನೋಡಿ. ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಯ ಕಡೆಗೆ "ಅಲ್ನೋಡು ಪುಟ್ಟಾ" ಎಂದು ಬೆರಳು ಚಾಚುವ ತಾತಂದಿರಲ್ಲಿ ಅನೇಕರಿಗೆ ಆ ಹಕ್ಕಿಯ ಹೆಸರು ಗೊತ್ತಿರುವುದಿಲ್ಲ, ಅದರಿಂದ ಯಾವ ನಷ್ಟವೂ ಆಗುವುದಿಲ್ಲ. ಹೆಸರನ್ನು ಮೊಮ್ಮಗ ಫೋನಿನಲ್ಲಿ ಹುಡುಕಿ ಹೇಳುತ್ತಾನೆ. ಹಾಗೆ ಹುಡುಕುವುದಕ್ಕೆ ಮೊದಲು ಅವನು ನೋಡಿರಬೇಕಲ್ಲ. ಅಜ್ಜಿಯರು ಮುನಿಸಿಕೊಳ್ಳಬಾರದು, ಈ ಕೆಲಸಕ್ಕೆ ಬೇಕಾದದ್ದು ಬೆರಳು ಮತ್ತು ಬಿಡುವು ಮಾತ್ರ. ವೀಕ್ಷಕರು ಕೇಳಿದ್ದು ತಾತನ ಬಗ್ಗೆಯಾದ್ದರಿಂದ ನಾನು ತಾತನನ್ನೇ ಹಿಡಿದುಕೊಂಡಿದ್ದೇನೆ.

[ಪರದೆಯ ಮೇಲೆ: ಹಳೆಯ ಬೇಟೆ ಬಂದೂಕು, ಅದರ ಪಕ್ಕದಲ್ಲಿ ಕ್ಯಾಮೆರಾ]

ಒಲವು ಕೈ ಬದಲಾಯಿಸುವಾಗ ಅದರ ಉಪಕರಣವೂ ಬದಲಾಗುತ್ತದೆ, ಕೊಟ್ಟವರು ಅದಕ್ಕೆ ಒಪ್ಪಲೇಬೇಕು. ಸಲೀಂ ಅಲಿ ಹುಟ್ಟಿದ್ದು 1896ರಲ್ಲಿ. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡ ಅವರನ್ನು ಸಾಕಿದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಬೇಟೆಯ ಹವ್ಯಾಸದವರು. ಹುಡುಗ ಆಟದ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಅದು ಯಾವ ಹಕ್ಕಿ ಎಂಬ ಪ್ರಶ್ನೆಗೆ ಸೋದರಮಾವನಲ್ಲಿ ಉತ್ತರವಿರಲಿಲ್ಲ, ಆದ್ದರಿಂದ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲರ್ಡ್ ಅವರ ಬಳಿಗೆ ಕಳುಹಿಸಿದರು. ಬೇಟೆಗಾರನ ಮನೆಯಿಂದ ಪಕ್ಷಿವಿಜ್ಞಾನಿ ಹೊರಬಂದದ್ದು ಹೀಗೆ.

ನಮ್ಮ ಊರಿನ ಉದಾಹರಣೆ ಇದಕ್ಕಿಂತ ಸೊಗಸಾಗಿದೆ. 1910ರಿಂದ 1974ರವರೆಗೆ ಬದುಕಿದ್ದ, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ ಕೆನೆತ್ ಆಂಡರ್ಸನ್ ಅವರಿಗೆ ಕಾಡಿನ ಗೀಳು ಹತ್ತಿದ್ದು ಮಿಲಿಟರಿ ಲೆಕ್ಕಪತ್ರ ವಿಭಾಗದಲ್ಲಿದ್ದ ತಂದೆಯಿಂದ. ಅದು ಮುಂದೆ ಮಗ ಡೊನಾಲ್ಡ್‌ಗೂ ಹತ್ತಿತು. ಮಾಗಡಿಯ ಚಿರತೆಯಿಂದ ಹಿಡಿದು ದಕ್ಷಿಣದ ಕಾಡುಗಳ ನರಭಕ್ಷಕಗಳವರೆಗೆ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದವರು ಪೂರ್ಣಚಂದ್ರ ತೇಜಸ್ವಿ. ತೇಜಸ್ವಿಯವರಿಗೆ ಕಾಡು ಬಂದದ್ದು ತಂದೆ ಕುವೆಂಪು ಅವರಿಂದ ಎಂದು ಹೇಳಿಬಿಡುವುದು ಸುಲಭ. ಆದರೆ ಕುಪ್ಪಳಿಯ ಕವಿಶೈಲದಲ್ಲಿ ಕುಳಿತು ಸೂರ್ಯಾಸ್ತವನ್ನು ದೇವರ ದರ್ಶನದಂತೆ ಕಂಡ ತಂದೆಗೂ, ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಗಾಳ ಹಾಕಿ ಮೀನು ಹಿಡಿದು, ಹಕ್ಕಿಗಳ ಫೋಟೋ ತೆಗೆಯಲು ಪೊದೆಯೊಳಗೆ ಗಂಟೆಗಟ್ಟಲೆ ಕಾಯುತ್ತಿದ್ದ ಮಗನಿಗೂ ಕಾಡು ಒಂದೇ ಆಗಿರಲಿಲ್ಲ. ಮಗನೂ ಕವಿಶೈಲದಲ್ಲಿ ಕುಳಿತು ಕವಿತೆಯನ್ನೇ ಬರೆಯಬೇಕು ಎಂಬ ಹಟ ಆ ಮನೆಯಲ್ಲಿ ಇದ್ದಿದ್ದರೆ ನಮಗೆ ಆ ಹಕ್ಕಿಗಳ ಚಿತ್ರಗಳು ಸಿಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ನಿಮ್ಮ ಮೊಮ್ಮಗ ಬೆಟ್ಟ ಹತ್ತುವ ಬದಲು ಡ್ರೋನ್ ಹಾರಿಸುತ್ತೇನೆ ಎಂದರೆ ಅನುಮತಿ ಇರುವ ಕಡೆ ಹಾರಿಸಲಿ, ಬಿಡಿ.

ಸಮಯ ಮೀರುತ್ತಿದೆ, ನಮ್ಮ ಸಂಕಲನಕಾರರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲನೆಯದು ಅಳತೆಗೋಲಿನ ವಿಚಾರ. ತಮ್ಮ ಕ್ಷೇತ್ರದ ಪ್ರತಿ ತಲೆಮಾರಿನ ವಿಜ್ಞಾನಿಗಳೂ ತಾವು ವೃತ್ತಿ ಆರಂಭಿಸಿದಾಗ ಕಂಡದ್ದನ್ನೇ ಸಹಜ ಸ್ಥಿತಿ ಎಂದು ಭಾವಿಸುತ್ತಾರೆ ಎಂಬುದನ್ನು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದರು. ನಮ್ಮ ಊರಿನ ವಿಷಯದಲ್ಲೂ ಅಷ್ಟೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಕಡೆ ಸಂಪಂಗಿ ಕೆರೆ ಇತ್ತು, ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದದ್ದೂ ಕೆರೆಯ ಅಂಗಳದಲ್ಲೇ. ಇವು ಬೇರೆ ಬೇರೆ ತಲೆಮಾರುಗಳ ಕಾಲದಲ್ಲಿ ಹೋದವು, ಹೋದಾಗಲೆಲ್ಲ ಮುಂದಿನವರು ಉಳಿದದ್ದನ್ನೇ ಪೂರ್ತಿ ಬೆಂಗಳೂರು ಎಂದುಕೊಂಡರು. ಇಲ್ಲಿ ಮಾತ್ರ ಹಿರಿಯರು ಬೆರಳು ತೋರಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು, ಏಕೆಂದರೆ ತೋರಿಸುವುದಕ್ಕೆ ಅಲ್ಲಿ ನೀರಿಲ್ಲ.

ಎರಡನೆಯದು ಕಣ್ಣು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಡ್ನಿ ಮತ್ತು ಸಿಂಗಪುರಗಳಲ್ಲಿನ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿತು. ಸಮೀಪದೃಷ್ಟಿ ದೋಷ ಸಿಡ್ನಿಯಲ್ಲಿ ಶೇಕಡಾ 3.3ರಷ್ಟು ಮಕ್ಕಳಲ್ಲಿ ಇದ್ದರೆ ಸಿಂಗಪುರದಲ್ಲಿ ಶೇಕಡಾ 29.1ರಷ್ಟು ಮಕ್ಕಳಲ್ಲಿ ಇತ್ತು. ಸಿಡ್ನಿಯ ಮಕ್ಕಳು ವಾರಕ್ಕೆ 13 ಗಂಟೆಗೂ ಹೆಚ್ಚು ಹೊತ್ತು ಹೊರಗಿರುತ್ತಿದ್ದರು, ಸಿಂಗಪುರದವರು ಮೂರು ಗಂಟೆ. ಚೀನಾದ ಗ್ವಾಂಗ್‌ಝೌನಲ್ಲಿ ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟು ಮೂರು ವರ್ಷ ನೋಡಿದಾಗ, ಹೊಸದಾಗಿ ಈ ದೋಷ ಬಂದವರ ಪ್ರಮಾಣ ಶೇಕಡಾ 39.5ರ ಬದಲು 30.4 ಆಗಿತ್ತು. ಬಿಸಿಲಿನ ಬೆಳಕಿಗೆ ಅಕ್ಷಿಪಟಲದಲ್ಲಿ ಬಿಡುಗಡೆಯಾಗುವ ಡೋಪಮೈನ್ ಎಂಬ ರಾಸಾಯನಿಕ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಇದಕ್ಕೆ ಕಾಡೇ ಬೇಕಿಲ್ಲ, ಹಗಲಿನಲ್ಲಿ ಅಪಾರ್ಟ್‌ಮೆಂಟಿನ ಅಂಗಳವೂ ನಡೆಯುತ್ತದೆ. ತಾತನ ಕನ್ನಡಕದ ನಂಬರು ಇದರಿಂದ ಇಳಿಯುವುದಿಲ್ಲ. ಅವರು ಜೊತೆಗೆ ಬರಬೇಕಾದದ್ದು ಬೆರಳು ತೋರಿಸುವ ಕೆಲಸಕ್ಕೆ.