ಮದರ್‌ಬೋರ್ಡ್ ಹೋಗಿದೆ ಎನ್ನುವ ಮೊದಲು

ಕೇಳುಗರಿಗೆ ನಮಸ್ಕಾರ. ಡಿಟಿಪಿ ಕೇಂದ್ರ ಅಥವಾ ಜೆರಾಕ್ಸ್ ಅಂಗಡಿ ನಡೆಸುವವರು, ಶಾಲೆಯ ಕಂಪ್ಯೂಟರ್ ಕೊಠಡಿಯ ಜವಾಬ್ದಾರಿ ಹೊತ್ತ ಶಿಕ್ಷಕರು, ಮನೆಯ ಹಳೆಯ ಡೆಸ್ಕ್‌ಟಾಪನ್ನು ಇನ್ನಷ್ಟು ವರ್ಷ ಬಳಸಬೇಕೆಂದಿರುವವರು, ನಿಮ್ಮೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಮಾತನಾಡುತ್ತಿದ್ದೇನೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪವೂ ಉರಿಯುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ. ರಿಪೇರಿಗೆ ಒಯ್ದರೆ ಐದೇ ನಿಮಿಷದಲ್ಲಿ ‘ಮದರ್‌ಬೋರ್ಡ್ ಹೋಗಿದೆ’, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯೇ ಕೆಟ್ಟಿದೆ, ಎಂಬ ತೀರ್ಪು ಸಿಗುತ್ತದೆ. ಐದು ನಿಮಿಷದಲ್ಲಿ ಆ ತೀರ್ಪು ಕೊಡಲು ಸಾಧ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವ ಮಾತು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಟ್ಟುಕೊಳ್ಳಿ.

ಕಂಪ್ಯೂಟರ್ ಚಾಲೂ ಆದ ಕೂಡಲೇ ಮದರ್‌ಬೋರ್ಡಿನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶವು ಮೊದಲು ಮೆಮೊರಿಯನ್ನು, ಅಂದರೆ ರ‍್ಯಾಮನ್ನು ಪರೀಕ್ಷಿಸುತ್ತದೆ. ಪರದೆಯ ಮೇಲೆ ಅಕ್ಷರ ಮೂಡುವುದು ಆನಂತರ. ಹೀಗಾಗಿ ರ‍್ಯಾಮ್ ಕೆಟ್ಟರೂ ಪರದೆ ಕಪ್ಪು, ಬೋರ್ಡ್ ಕೆಟ್ಟರೂ ಪರದೆ ಕಪ್ಪು. ಎರಡರ ಲಕ್ಷಣವೂ ಒಂದೇ ಆಗಿರುವಾಗ ನೋಡಿ ಹೇಳಲು ಬರುವುದಿಲ್ಲ, ಬೇರ್ಪಡಿಸಿಯೇ ತಿಳಿಯಬೇಕು.

ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕಂಪ್ಯೂಟರಿನ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಅದರಿಂದ ಬರಿದಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ಮೇಲೆಯೇ ರ‍್ಯಾಮಿಗೆ ಕೈ ಹಾಕಿ. ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತು ನಮಗೆ ಗೊತ್ತೇ ಆಗದಂತೆ ಚಿಪ್ಪನ್ನು ಕೊಲ್ಲಬಲ್ಲದು. ಒಳಗಿನ ಭಾಗಗಳಿಗೆಲ್ಲ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ.

ರ‍್ಯಾಮಿನ ಎರಡೂ ಬದಿಯ ಕ್ಲಿಪ್ ಸರಿಸಿ ಹೊರತೆಗೆಯಿರಿ. ಕೆಳಗಿನ ಬಂಗಾರದ ಬಣ್ಣದ ಪಟ್ಟಿಗಳು ಮಂಕಾಗಿದ್ದರೆ ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ರ‍್ಯಾಮ್ ಕೂರುವ ಸೀಳಿನ, ಅಂದರೆ ಸ್ಲಾಟಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಕರಾವಳಿಯ ಮಳೆಗಾಲದ ತೇವಕ್ಕೆ, ಬಯಲುಸೀಮೆಯ ಬೇಸಿಗೆಯ ಧೂಳಿಗೆ ಇಷ್ಟೇ ಮದ್ದು ಸಾಕಾಗುವುದುಂಟು. ಮತ್ತೆ ಕೂರಿಸುವಾಗ ರ‍್ಯಾಮಿನ ಕಚ್ಚು ಸ್ಲಾಟಿನೊಳಗಿನ ಉಬ್ಬಿಗೆ ಸರಿಯಾಗಿ ಕೂರಬೇಕು, ಕ್ಲಿಪ್ ಟಕ್ಕೆಂದು ಮುಚ್ಚಿಕೊಳ್ಳಬೇಕು. ರ‍್ಯಾಮಿನಲ್ಲಿ ಬಗೆಗಳಿವೆ: ಡಿಡಿಆರ್3 ರ‍್ಯಾಮಿಗೆ 240 ಪಿನ್, ಡಿಡಿಆರ್4ಕ್ಕೆ 288 ಪಿನ್. ಕಚ್ಚಿನ ಜಾಗವೂ ಬೇರೆ. ಕೂರದಿದ್ದರೆ ಅದು ಆ ಬೋರ್ಡಿನದಲ್ಲ ಎಂದರ್ಥ, ದಯವಿಟ್ಟು ಒತ್ತಿ ತುರುಕಬೇಡಿ.

ಮುಂದಿನ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಬೋರ್ಡಿಗೆ ಸಿಕ್ಕಿಸುವ ಪುಟ್ಟ ಬೀಪ್ ಸ್ಪೀಕರ್ ಅಗ್ಗದಲ್ಲಿ ಸಿಗುತ್ತದೆ. ಅದನ್ನು ಸಿಕ್ಕಿಸಿ, ರ‍್ಯಾಮನ್ನೆಲ್ಲ ತೆಗೆದು, ಬರಿದಾದ ಸ್ಲಾಟುಗಳೊಂದಿಗೇ ಕಂಪ್ಯೂಟರ್ ಚಾಲೂ ಮಾಡಿ. ಬೀಪ್ ಸದ್ದು ಕೇಳಿಸಿದರೆ ಸಂತೋಷಪಡಿ: ಕಂಪ್ಯೂಟರಿನ ಮುಖ್ಯ ಚಿಪ್ಪಾದ ಪ್ರೊಸೆಸರ್ ಜೀವಂತವಾಗಿದೆ, ಬಯೋಸ್ ಓಡುತ್ತಿದೆ, ‘ನನಗೆ ರ‍್ಯಾಮ್ ಕಾಣುತ್ತಿಲ್ಲ’ ಎಂದು ಬೋರ್ಡ್ ತಾನೇ ದೂರುತ್ತಿದೆ. ಈಗ ಒಂದೇ ಒಂದು ರ‍್ಯಾಮನ್ನು ಒಂದೇ ಒಂದು ಸ್ಲಾಟಿನಲ್ಲಿ ಇಟ್ಟು ನೋಡಿ. ಆಮೇಲೆ ಅದೇ ರ‍್ಯಾಮನ್ನು ಮುಂದಿನ ಸ್ಲಾಟಿನಲ್ಲಿ. ಅದೆಲ್ಲ ಮುಗಿದ ಮೇಲೆ ಇನ್ನೊಂದು ರ‍್ಯಾಮ್. ಮೂರು ಮಾತ್ರೆಗಳನ್ನು ಒಟ್ಟಿಗೆ ನುಂಗಿ ಜ್ವರ ಬಿಟ್ಟರೆ ಯಾವ ಮಾತ್ರೆಯಿಂದ ಬಿಟ್ಟಿತೆಂದು ಯಾರು ಹೇಳಬಲ್ಲರು? ಅದಕ್ಕೇ ಹೇಳುತ್ತೇನೆ, ಒಂದು ಸಲಕ್ಕೆ ಒಂದನ್ನೇ.

ಇದಕ್ಕೊಂದು ಪ್ರಸಂಗ ಹೇಳುತ್ತೇನೆ. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ 8 ಜಿಬಿ ಮೆಮೊರಿ ಇದ್ದ ಕಂಪ್ಯೂಟರೊಂದು ಇದ್ದಕ್ಕಿದ್ದಂತೆ 4 ಜಿಬಿ ಎಂದು ತೋರಿಸತೊಡಗಿತು. ಶಾಲೆಯವರು ಎರಡೂ ರ‍್ಯಾಮ್ ತೆಗೆದು ಹೊಸ ಜೋಡಿ ಹಾಕಿಸಿದರು, ಆಗಲೂ ನಾಲ್ಕೇ. ಹಾಗಾದರೆ ಬೋರ್ಡೇ ಹೋಗಿದೆ ಎಂದು ಅವರಿಗೆ ಹೇಳಲಾಯಿತು. ಹೊಸ ಬೋರ್ಡಿನ ಖರ್ಚನ್ನು ಯಾವ ಲೆಕ್ಕದಲ್ಲಿ ತೋರಿಸುವುದೆಂದು ಮುಖ್ಯೋಪಾಧ್ಯಾಯರು ಚಿಂತಿಸುತ್ತಿದ್ದಾಗ ಅಲ್ಲಿನ ವಿಜ್ಞಾನ ಶಿಕ್ಷಕಿ ನನ್ನನ್ನು ಕರೆಸಿದರು. ನಾನು ಮೊದಲು ಕೇಳಿದ್ದು ಸ್ಕ್ರೂಡ್ರೈವರ್ ಅಲ್ಲ, ಒಂದು ಹಾಳೆ ಮತ್ತು ಪೆನ್ನು. ನಾಲ್ಕು ಸ್ಲಾಟುಗಳಿಗೆ ನಾಲ್ಕು ಸಾಲು, ಎರಡು ರ‍್ಯಾಮುಗಳಿಗೆ ಎರಡು ಕಂಬ ಎಳೆದೆವು. ಮೇಡಂ ಬರೆಯುತ್ತಾ ಹೋದರು, ನಾನು ಒಂದೊಂದೇ ಬದಲಿಸುತ್ತಾ ಹೋದೆ. ಹಾಳೆ ತುಂಬಿದಾಗ ಉತ್ತರ ಅದರಲ್ಲೇ ಕಾಣಿಸಿತು: ಪ್ರೊಸೆಸರಿಗೆ ಹತ್ತಿರದ ಎರಡು ಸ್ಲಾಟುಗಳಲ್ಲಿ ಎರಡೂ ರ‍್ಯಾಮುಗಳು ಸರಿಯಾಗಿ ಕೆಲಸ ಮಾಡುತ್ತಿದ್ದವು, ದೂರದ ಎರಡು ಸ್ಲಾಟುಗಳಲ್ಲಿ ಎರಡೂ ಕೆಲಸ ಮಾಡುತ್ತಿರಲಿಲ್ಲ.

ಅಕ್ಕಪಕ್ಕದ ಎರಡು ಸ್ಲಾಟುಗಳು ಒಂದೇ ದಿನ ತಾವಾಗಿಯೇ ಸಾಯುವುದಿಲ್ಲ. ಆ ಎರಡಕ್ಕೂ ಹೋಗುವ ದಾರಿ ಒಂದೇ; ಅದನ್ನು ಚಾನೆಲ್ ಎನ್ನುತ್ತಾರೆ. ಆ ದಾರಿ ಹೊರಡುವುದು ಪ್ರೊಸೆಸರಿನ ಒಳಗಿನಿಂದ. ಎಎಂಡಿ ಕಂಪನಿ 2003ರ ಅಥ್ಲಾನ್ 64ರಿಂದ, ಇಂಟೆಲ್ ಕಂಪನಿ 2008ರ ಮೊದಲ ಕೋರ್ ಐ7ರಿಂದ ಡೆಸ್ಕ್‌ಟಾಪುಗಳ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನೊಳಗೇ ಇಟ್ಟಿವೆ. ಹೀಗಾಗಿ ರ‍್ಯಾಮಿನ ದೂರಿಗೆ ಕಾರಣ ಪ್ರೊಸೆಸರ್ ಕೂತ ಸಾಕೆಟ್ಟಿನಲ್ಲಿಯೂ ಇರಬಹುದು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಯಾರಾದರೂ ಕೈ ಹಾಕಿದ್ದರೇ ಎಂದು ವಿಚಾರಿಸಿದೆ. ಬೇಸಿಗೆ ರಜೆಯಲ್ಲಿ ಫ್ಯಾನ್ ಬಿಚ್ಚಿ, ಧೂಳು ತೆಗೆದು, ಪ್ರೊಸೆಸರಿನ ಶಾಖ ದಾಟಿಸುವ ಪೇಸ್ಟ್ ಹಚ್ಚಿ ಮತ್ತೆ ಕೂರಿಸಿದ್ದರು. ನೋಡಿದರೆ ಒಂದು ಮೂಲೆಯ ಸ್ಕ್ರೂ ಬಿಗಿದು ಕೂತಿತ್ತು, ಎದುರು ಮೂಲೆಯದು ಬೆರಳಿನಿಂದಲೇ ತಿರುಗುತ್ತಿತ್ತು. ಪ್ರೊಸೆಸರ್ ಒಂದು ಬದಿಗೆ ಒತ್ತಿಕೊಂಡು, ಇನ್ನೊಂದು ಬದಿಯ ಪಿನ್ನುಗಳಿಗೆ ಸರಿಯಾಗಿ ತಾಗುತ್ತಿರಲಿಲ್ಲ. ಫ್ಯಾನನ್ನೂ ಪ್ರೊಸೆಸರನ್ನೂ ತೆಗೆದು, ಸಾಕೆಟ್ಟಿನ ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಯಾವುದೂ ಬಾಗಿಲ್ಲವೆಂದು ಖಚಿತಪಡಿಸಿಕೊಂಡು, ಪ್ರೊಸೆಸರನ್ನು ಮತ್ತೆ ಕೂರಿಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸಮವಾಗಿ ಬಿಗಿದೆ. 8 ಜಿಬಿ ಬಂತು. ಬೋರ್ಡಿಗೆ ಏನೂ ಆಗಿರಲಿಲ್ಲ. ಜೋಡಿಯಾಗಿ ಬದಲಿಸಿದ್ದರಿಂದಲೇ ಈ ವಿಷಯ ಅಷ್ಟು ದಿನ ಯಾರಿಗೂ ಕಾಣಲಿಲ್ಲ.

ನನಗೆ ಕೊಟ್ಟ ಸಮಯದಲ್ಲಿ ಉಳಿದಿರುವುದು ಸ್ವಲ್ಪವೇ ಆದ್ದರಿಂದ ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಡಿಸ್‌ಪ್ಲೇ ಬರುತ್ತದೆ, ಆದರೆ ನಡುನಡುವೆ ನೀಲಿ ಪರದೆ ಬರುತ್ತದೆ, ಫೈಲುಗಳು ಹಾಳಾಗುತ್ತವೆ ಎನ್ನುವವರು ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ದೋಷ ಕಂಡರೆ, ಒಂದೇ ಕಂಡರೂ ಸರಿ, ಅಲ್ಲಿಗೆ ನಿಲ್ಲಿಸಿ ರ‍್ಯಾಮುಗಳನ್ನು ಒಂದೊಂದಾಗಿಯೇ ಇಟ್ಟು ಮತ್ತೆ ಓಡಿಸಿ.

ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿ. ಅದು 3 ವೋಲ್ಟಿನ ಸಣ್ಣ ಸೆಲ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ರ‍್ಯಾಮಿಲ್ಲದಾಗ ಬೀಪ್ ಬರಲೇ ಇಲ್ಲವೆಂದರೆ ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರಿನ ಬಳಿಯ 4 ಅಥವಾ 8 ಪಿನ್ನಿನ ಸಣ್ಣ ಕನೆಕ್ಟರ್, ಎರಡೂ ಪೂರ್ತಿ ಕೂತಿವೆಯೇ ನೋಡಿ. ಮಲ್ಟಿಮೀಟರ್ ಇದ್ದವರು ಹಳದಿ ತಂತಿಯನ್ನು ಅಳೆಯಿರಿ, 11.4ರಿಂದ 12.6 ವೋಲ್ಟಿನ ಒಳಗಿರಬೇಕು. ಮಲ್ಟಿಮೀಟರ್ ಇಲ್ಲದಿದ್ದರೆ, ಅಥವಾ ಅಳತೆ ಆ ಮಿತಿಯಲ್ಲಿ ಇಲ್ಲದಿದ್ದರೆ, ಚೆನ್ನಾಗಿರುವ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ಅದನ್ನು ಮಾತ್ರ ಬದಲಿಸಿ ನೋಡಿ. ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಅದು ಬೋರ್ಡಿನದ್ದೇ ರೋಗ; 2000ರ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇದನ್ನು ಬಹಳವಾಗಿ ಕಾಣುತ್ತೇವೆ.

ಇಷ್ಟೆಲ್ಲ ಆದ ಮೇಲೂ ಸದ್ದಿಲ್ಲದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಒಣ ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಫ್ಯಾನ್, ಬೀಪ್ ಸ್ಪೀಕರ್ ಮತ್ತು ಎಸ್‌ಎಂಪಿಎಸ್ ಮಾತ್ರ ಜೋಡಿಸಿ ಇನ್ನೊಮ್ಮೆ ನೋಡಿ. ಅದೇ ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಓಡಿ, ಇಲ್ಲಿ ಮಾತ್ರ ಓಡದಿದ್ದರೆ, ಆಗ ಮದರ್‌ಬೋರ್ಡ್ ಹೋಗಿದೆ ಎನ್ನಿ. ಹೊಸ ಬೋರ್ಡ್ ಕೊಳ್ಳಲು ಹೋಗುವಾಗ ನಿಮ್ಮ ಪ್ರೊಸೆಸರಿನ ಹೆಸರು ಮತ್ತು ರ‍್ಯಾಮಿನ ಬಗೆ, ಎರಡನ್ನೂ ನೀವು ಫಲಿತಾಂಶ ಬರೆದ ಆ ಹಾಳೆಯ ಮೇಲೆಯೇ ಬರೆದು ಒಯ್ಯಿರಿ. ನಮಸ್ಕಾರ.